ನಮ್ಮ ಪುಟಕ್ಕೆ ಯಾರು ಲಿಂಕ್ ಕೊಟ್ಟಿದ್ದಾರೆ? ಈ ಪ್ರಶ್ನೆಯ ಹಿಂದಿರುವ ವನ್ನೆವರ್ ಬುಷ್ ಕಥೆ

ವೆಬ್‌ಸೈಟ್ ನಡೆಸುವವರಿಗೆಲ್ಲ ಒಂದು ಕುತೂಹಲ ಇದ್ದೇ ಇರುತ್ತದೆ: ನಮ್ಮ ಪುಟಕ್ಕೆ ಯಾರ್ಯಾರು ಲಿಂಕ್ ಕೊಟ್ಟಿದ್ದಾರೆ? ನಾವು ಬೇರೆಯವರಿಗೆ ಕೊಟ್ಟ ಲಿಂಕ್ ನಮ್ಮ ಕಣ್ಣೆದುರಿಗೇ ಇರುತ್ತದೆ. ಬೇರೆಯವರು ನಮಗೆ ಕೊಟ್ಟ ಲಿಂಕ್ ಮಾತ್ರ ಕಾಣುವುದಿಲ್ಲ. ಹೀಗೆ ಹೊರಗಿನಿಂದ ಬರುವ ಲಿಂಕ್‌ಗೆ ಬ್ಯಾಕ್‌ಲಿಂಕ್ ಎನ್ನುತ್ತಾರೆ. ಅದನ್ನು ಪತ್ತೆ ಹಚ್ಚಲು ಬೇರೆಯೇ ಸಾಧನ ಬೇಕು. ಆದರೆ ವೆಬ್ ಹುಟ್ಟುವ ನಾಲ್ಕು ದಶಕಗಳಿಗೂ ಮೊದಲೇ, ಎರಡೂ ತುದಿಯಿಂದ ಕಾಣುವ ಕೊಂಡಿಯನ್ನು ಒಬ್ಬ ಎಂಜಿನಿಯರ್ ಕಲ್ಪಿಸಿಕೊಂಡಿದ್ದರು. ಅವರೇ ವನ್ನೆವರ್ ಬುಷ್.

ಹೆಸರು ನೋಡಿ, ಇವರು ಅಮೆರಿಕದ ಅಧ್ಯಕ್ಷರಾಗಿದ್ದ ಬುಷ್‌ಗಳ ಮನೆತನದವರು ಎಂದುಕೊಳ್ಳಬೇಡಿ. ಆ ಮನೆತನಕ್ಕೂ ಇವರಿಗೂ ಸಂಬಂಧವಿಲ್ಲ. ಇವರು 1890ರಲ್ಲಿ ಮ್ಯಾಸಚೂಸೆಟ್ಸ್‌ನ ಎವೆರೆಟ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಬಾಲ್ಯದಲ್ಲಿ ಆಗಾಗ ಕಾಯಿಲೆ ಬೀಳುತ್ತಿದ್ದ ಹುಡುಗ, ಕಾಲೇಜಿನಲ್ಲಿದ್ದಾಗಲೇ 1912ರಲ್ಲಿ ಪೇಟೆಂಟ್ ಪಡೆದ. ತಳ್ಳಿಕೊಂಡು ಹೋದರೆ ನೆಲದ ಏರಿಳಿತವನ್ನು ತಾನೇ ಕಾಗದದ ಮೇಲೆ ಗೀಚುವ ಯಂತ್ರ ಅದು. ಮುಂದೆ ಎಂಐಟಿಯಲ್ಲಿ ಪ್ರಾಧ್ಯಾಪಕರಾದ ಬುಷ್, 1931ರ ಹೊತ್ತಿಗೆ ಕಠಿಣ ಗಣಿತ ಸಮೀಕರಣಗಳನ್ನು ಬಿಡಿಸುವ ಯಂತ್ರವನ್ನು ಸಿದ್ಧಪಡಿಸಿದರು. ಇಡೀ ಕೋಣೆ ತುಂಬುವಷ್ಟು ಹಲ್ಲುಚಕ್ರ, ಸರಳುಗಳಿದ್ದ ಅದಕ್ಕೆ ಡಿಫರೆನ್ಷಿಯಲ್ ಅನಲೈಸರ್ ಎಂದು ಹೆಸರು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸುಮಾರು 6,000 ವಿಜ್ಞಾನಿಗಳ ಕೆಲಸವನ್ನು ಒಗ್ಗೂಡಿಸುವ ಹೊಣೆ ಬುಷ್ ಅವರ ಹೆಗಲಿಗೆ ಬಿತ್ತು. ರೇಡಾರ್, ಪೆನ್ಸಿಲಿನ್ ಉತ್ಪಾದನೆ, ಅಣುಬಾಂಬ್ ಯೋಜನೆಯ ಆರಂಭದ ಹಂತ, ಎಲ್ಲವೂ ಅದರಲ್ಲಿದ್ದವು. ಯುದ್ಧ ಮುಗಿಯುವ ಹೊತ್ತಿಗೆ ಅವರನ್ನು ಕಾಡಿದ್ದು ಬೇರೆಯದೇ ಚಿಂತೆ. ಸಂಶೋಧನಾ ಬರಹಗಳು ರಾಶಿ ಬೀಳುತ್ತಿವೆ, ಬೇಕಾದ್ದು ಬೇಕಾದವರಿಗೆ ಸಿಗುತ್ತಿಲ್ಲ. ಇದಕ್ಕೆ ಅವರು ಕೊಟ್ಟ ಉದಾಹರಣೆ ಮೆಂಡೆಲ್. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್ ಅವರ ಪ್ರಬಂಧ 1866ರಲ್ಲೇ ಅಚ್ಚಾಗಿತ್ತು. ಜಗತ್ತು ಅದರ ಮಹತ್ವವನ್ನು ಗುರುತಿಸಿದ್ದು 1900ರಲ್ಲಿ. ಅಷ್ಟರಲ್ಲಿ ಮೆಂಡೆಲ್ ತೀರಿಕೊಂಡು 16 ವರ್ಷಗಳಾಗಿದ್ದವು.

1945ರ ಜುಲೈನಲ್ಲಿ ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬುಷ್ ಒಂದು ಪರಿಹಾರವನ್ನು ಮುಂದಿಟ್ಟರು. ಅದರ ಹೆಸರು ಮೆಮೆಕ್ಸ್. ನೋಡಲು ಒಂದು ಮೇಜು. ಒಳಗೆ ಮೈಕ್ರೋಫಿಲ್ಮ್‌ನಲ್ಲಿ ಪುಸ್ತಕ, ಪತ್ರ, ಟಿಪ್ಪಣಿಗಳು. ಮೇಲೆ ಎರಡು ಪರದೆ. ಎರಡು ಪುಟಗಳನ್ನು ಅಕ್ಕಪಕ್ಕ ತಂದು ಗುಂಡಿ ಒತ್ತಿದರೆ ಅವು ಜೋಡಿಯಾಗುತ್ತವೆ. ಇಲ್ಲಿಯೇ ಇರುವುದು ಸ್ವಾರಸ್ಯ: ಗುರುತಿನ ಸಂಖ್ಯೆ ಎರಡೂ ಪುಟಗಳ ಕೆಳಗೆ ದಾಖಲಾಗುತ್ತದೆ. ಹಾಗಾಗಿ ಯಾವ ಪುಟ ತೆರೆದರೂ ಇನ್ನೊಂದು ಸಿಗುತ್ತದೆ.

ಮೆಮೆಕ್ಸ್ ತಯಾರಾಗಲೇ ಇಲ್ಲ. ಬುಷ್ 1974ರಲ್ಲಿ ತೀರಿಕೊಂಡರು. ಆದರೆ ಫಿಲಿಪ್ಪೀನ್ಸ್‌ನಲ್ಲಿ ಆ ಲೇಖನ ಓದಿದ್ದ ನೌಕಾಪಡೆಯ ಯುವಕ ಡಗ್ಲಸ್ ಎಂಗೆಲ್‌ಬಾರ್ಟ್ ಮುಂದೆ ಕಂಪ್ಯೂಟರ್ ಮೌಸ್ ಕಂಡುಹಿಡಿದರು. 1989ರಲ್ಲಿ ಟಿಮ್ ಬರ್ನರ್ಸ್-ಲೀ ವೆಬ್‌ನ ಪ್ರಸ್ತಾಪ ಮುಂದಿಟ್ಟರು. ಅವರ ವೆಬ್‌ನಲ್ಲಿ ಕೊಂಡಿ ಒಂದೇ ದಿಕ್ಕಿನದು. ಯಾರ ಅನುಮತಿಯೂ ಇಲ್ಲದೆ ಯಾರಿಗೆ ಬೇಕಾದರೂ ಲಿಂಕ್ ಕೊಡಬಹುದು. ವೆಬ್ ಇಷ್ಟು ಬೆಳೆಯಲು ಈ ಸರಳತೆಯೂ ಒಂದು ಕಾರಣ. ಆದರೆ ಹಿಂದಿರುಗುವ ದಾರಿ ಅಳಿಸಿಹೋಯಿತು.

ಆ ದಾರಿಯನ್ನು ಮತ್ತೆ ಕಟ್ಟಲು ಹೊರಟವರು ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್. ವೆಬ್ ಪುಟಗಳನ್ನೆಲ್ಲ ಜಾಲಾಡಿ, ಯಾರು ಯಾರಿಗೆ ಲಿಂಕ್ ಕೊಟ್ಟಿದ್ದಾರೆ ಎಂದು ಲೆಕ್ಕ ಹಾಕುವ ಅವರ ಸರ್ಚ್ ಎಂಜಿನ್‌ನ ಮೊದಲ ಹೆಸರು ಬ್ಯಾಕ್‌ರಬ್. ಅದೇ ಮುಂದೆ ಗೂಗಲ್ ಆಯಿತು. ಇಂದು ಸೈಟ್ ಇರುವವರು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ತಮ್ಮ ಬ್ಯಾಕ್‌ಲಿಂಕ್‌ಗಳನ್ನು ಉಚಿತವಾಗಿ ನೋಡಬಹುದು.

ಹಾಗಾದರೆ ಹೆಚ್ಚು ಲಿಂಕ್ ಇದ್ದರೆ ಆ ಮಾಹಿತಿ ನಿಜವೇ? ಇಲ್ಲ. ಇದು ಸುಳ್ಳು ಎಂದು ತೋರಿಸಲು ಕೊಟ್ಟ ಲಿಂಕ್ ಕೂಡ ಲಿಂಕೇ. ಲಿಂಕ್‌ಗಳು ದುಡ್ಡಿಗೂ ಸಿಗುತ್ತವೆ. ಅವುಗಳ ಸಂಖ್ಯೆ ಒಂದು ಪುಟ ಎಷ್ಟರ ಮಟ್ಟಿಗೆ ಗಮನ ಸೆಳೆದಿದೆ ಎಂದು ಹೇಳೀತೇ ಹೊರತು, ಅದರಲ್ಲಿರುವುದು ಸತ್ಯವೋ ಅಲ್ಲವೋ ಎಂದಲ್ಲ.

ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಈ ತೊಡಕು ಇನ್ನೂ ದೊಡ್ಡದು. ಜೋಡಿ ಬಾಣದ ಗುರುತು ಕಂಡರೆ ಆ ಸಂದೇಶ ಕೈಯಿಂದ ಕೈಗೆ ಹಲವು ಬಾರಿ ದಾಟಿ ಬಂದಿದೆ ಎಂದಷ್ಟೇ ಅರ್ಥ. ಮೊದಲು ಬರೆದವರು ಯಾರೆಂದು ಅದು ಹೇಳುವುದಿಲ್ಲ. ಹಾಗಾಗಿ ಮದ್ದು, ರೋಗ, ಸರ್ಕಾರಿ ಯೋಜನೆಯ ಸಂದೇಶ ಬಂದಾಗ ಅದರ ಒಂದು ಸಾಲನ್ನು ಕಾಪಿ ಮಾಡಿ ಗೂಗಲ್‌ನಲ್ಲಿ ಹುಡುಕಿ. ಹತ್ತು ಸೈಟ್‌ಗಳಲ್ಲಿ ಸಿಕ್ಕಿತೆಂದು ನಂಬಿಬಿಡಬೇಡಿ. ಆ ಹತ್ತೂ ಯಾರ ಕಡೆ ಬೆರಳು ತೋರಿಸುತ್ತಿವೆ ಎಂದು ನೋಡಿ. ಎಲ್ಲವೂ ಒಂದೇ ಪುಟದ ಕಡೆ ತೋರಿಸುತ್ತಿದ್ದರೆ ನಿಮ್ಮ ಬಳಿ ಇರುವುದು ಹತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿ. ಆ ಒಂದು ಪುಟವನ್ನು ತೆರೆದು ಓದಿ. ಶೇರ್ ಮಾಡುವ ಯೋಚನೆ ಆಮೇಲೆ.