ಬರೂಚ್ ಬ್ಲೂಂಬರ್ಗ್

ಬರೂಚ್ ಬ್ಲೂಂಬರ್ಗರು 1925ರ ಜುಲೈ 28ರಂದು ನ್ಯೂಯಾರ್ಕಿನಲ್ಲಿ ಜನಿಸಿದರು. ಒಂದೇ ರೋಗವು ಕೆಲವರನ್ನು ಬಾಧಿಸಿ ಕೆಲವರನ್ನು ಬಿಡುವುದೇಕೆ ಎಂಬ ಪ್ರಶ್ನೆ ವೈದ್ಯರಾದ ಅವರನ್ನು ಕಾಡುತ್ತಿತ್ತು. ಉತ್ತರವನ್ನು ಅರಸುತ್ತ ಅವರು ನಾನಾ ದೇಶಗಳ ಜನರ ರಕ್ತವನ್ನು ಪರೀಕ್ಷಿಸಿದರು. 1963ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅಪರಿಚಿತ ಪ್ರೋಟೀನೊಂದು ಕಂಡುಬಂದಿತು. ಅದರ ಮರ್ಮ ಆಗ ತಿಳಿಯಲಿಲ್ಲ.

1967ರಲ್ಲಿ ಅವರ ಪ್ರಯೋಗಾಲಯದ ಸಹಾಯಕಿಯೊಬ್ಬರು ಯಕೃತ್ತಿನ ಉರಿಯೂತದಿಂದ ಅಸ್ವಸ್ಥರಾದರು. ಹಿಂದೆ ಅವರ ರಕ್ತದಲ್ಲಿ ಇಲ್ಲದಿದ್ದ ಆ ಪ್ರೋಟೀನು ಈಗ ಕಾಣಿಸಿಕೊಂಡಿತ್ತು. ಅದು ಹೆಪಟೈಟಿಸ್-ಬಿ ವೈರಸ್ಸಿನ ಗುರುತೆಂಬುದು ಕ್ರಮೇಣ ಸ್ಪಷ್ಟವಾಯಿತು. ದಾನಿಗಳ ರಕ್ತವನ್ನು ಪರೀಕ್ಷಿಸಿ ರೋಗ ಹರಡದಂತೆ ತಡೆಯುವುದು ಇದರಿಂದ ಸಾಧ್ಯವಾಯಿತು. 1969ರಲ್ಲಿ ಬ್ಲೂಂಬರ್ಗರು ಇರ್ವಿಂಗ್ ಮಿಲ್‌ಮನ್ನರೊಡನೆ ಲಸಿಕೆಯ ವಿಧಾನವನ್ನು ರೂಪಿಸಿದರು. 1976ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ಲಭಿಸಿತು.

1986ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪ್ರಾಧ್ಯಾಪಕರಾಗಿ ಬೆಂಗಳೂರಿಗೆ ಬಂದರು. ಉಜಿರೆಯಂತಹ ಊರುಗಳಲ್ಲಿ ಹಿರಿಯರು ಕಾಮಾಲೆಗೆ ಕೊಡುವ ನೆಲನೆಲ್ಲಿಯನ್ನೂ ಅವರು ಕಡೆಗಣಿಸದೆ ಪ್ರಯೋಗಕ್ಕೆ ಒಳಪಡಿಸಿದರು. ಮೊದಲ ಫಲಿತಾಂಶಗಳು ಭರವಸೆ ಮೂಡಿಸಿದರೂ ಮುಂದಿನ ಪರೀಕ್ಷೆಗಳು ಅದನ್ನು ದೃಢಪಡಿಸಲಿಲ್ಲ. ಲಸಿಕೆಯಾದರೋ ಪರೀಕ್ಷೆಯಲ್ಲಿ ಗೆದ್ದಿತು. ಇಂದು ನವಜಾತ ಶಿಶುಗಳಿಗೆ ನೀಡುವ ಆ ಲಸಿಕೆ ಯಕೃತ್ತಿನ ಕ್ಯಾನ್ಸರನ್ನೂ ತಡೆಯಬಲ್ಲದು.

2011ರಲ್ಲಿ ಬ್ಲೂಂಬರ್ಗರು ನಿಧನರಾದರು. ಅವರ ಜನ್ಮದಿನವನ್ನು ಜಗತ್ತು ಹೆಪಟೈಟಿಸ್ ದಿನವಾಗಿ ಆಚರಿಸುತ್ತಿದೆ.