ಚೋಮ ಡಿ ಕೋರೋಶ್: ಟಿಬೆಟನ್ ಅಧ್ಯಯನದ ಮೊದಲ ಪಾಠಶಾಲೆ

1834ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ಟಿಬೆಟನ್–ಇಂಗ್ಲಿಷ್ ನಿಘಂಟಿನ ಶೀರ್ಷಿಕೆ ಪುಟದಲ್ಲಿ ಎರಡು ಹೆಸರುಗಳಿವೆ. ಒಂದು, ನಿಘಂಟುಕಾರ ಅಲೆಕ್ಸಾಂಡರ್ ಚೋಮ ಡಿ ಕೋರೋಶ್ ಅವರದು. ಇನ್ನೊಂದು, ಅವರಿಗೆ ನೆರವಾದ ಝಂಸ್ಕಾರದ ವಿದ್ವಾಂಸ ಲಾಮಾ ಸಂಗ್ಯೆ ಫುನ್‌ತ್ಸೋಗ್ ಅವರದು. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಹೊರಬಂದು ಆಗ ಎರಡೇ ವರ್ಷವಾಗಿತ್ತು. ಭಾರತದ ಭಾಷೆಗಳಿಗೆ ಐರೋಪ್ಯರು ನಿಘಂಟು, ವ್ಯಾಕರಣಗಳನ್ನು ರಚಿಸುತ್ತಿದ್ದ ಆ ಕಾಲದಲ್ಲಿ ದೇಶೀಯ ಪಂಡಿತರ ಹೆಸರು ಹೆಚ್ಚೆಂದರೆ ಮುನ್ನುಡಿಯ ಒಂದು ಸಾಲಿಗೆ ಇಳಿಯುತ್ತಿತ್ತು. ಎಷ್ಟೋ ಕಡೆ ಅಲ್ಲಿಯೂ ಇರುತ್ತಿರಲಿಲ್ಲ. ಚೋಮ ಅವರು ತಮ್ಮ ಗುರುವಿನ ಹೆಸರನ್ನು ಶೀರ್ಷಿಕೆ ಪುಟಕ್ಕೇ ತಂದರು. ಮುಂದಿನವರು ಈ ನಿಘಂಟನ್ನು ಉಲ್ಲೇಖಿಸುವಾಗ ಮೊದಲ ಹೆಸರನ್ನು ಉಳಿಸಿಕೊಂಡು ಎರಡನೆಯದನ್ನು ಸಾಮಾನ್ಯವಾಗಿ ಕೈಬಿಟ್ಟಿದ್ದಾರೆ. ಆದ್ದರಿಂದ ಚೋಮ ಅವರ ಬದುಕನ್ನು ಆ ಗುರುವಿನ ಜೊತೆಗಿಟ್ಟು ಪರಿಶೀಲಿಸುವುದು ಅಗತ್ಯವಾಗಿದೆ.

ಚೋಮ ಹುಟ್ಟಿದ್ದು 1784ರಲ್ಲಿ, ಟ್ರಾನ್ಸಿಲ್ವೇನಿಯಾದ ಕೋರೋಶ್ ಎಂಬ ಹಳ್ಳಿಯಲ್ಲಿ. ಅದು ಈಗ ರುಮೇನಿಯಾದಲ್ಲಿದೆ. ಹಂಗೇರಿಯನ್ ಉಚ್ಚಾರಣೆಯಲ್ಲಿ ಅವರ ಮನೆತನದ ಹೆಸರು ಕನ್ನಡ ಕಿವಿಗೆ ಹೊಸದೇನಲ್ಲದ ಚೋಮ ಎಂಬುದೇ ಆಗಿದೆ. ಗಡಿ ಕಾಯುವ ಸೆಕೆಲಿ ಸಮುದಾಯದ ಬಡ ಕುಟುಂಬ ಅವರದು. 1799ರಲ್ಲಿ ನಾಗ್ಯೆನ್ಯೆದ್ ಪಟ್ಟಣದ ಕಾಲೇಜಿಗೆ ಸೇರಿ ಅಲ್ಲಿಯೇ ಬಹುಕಾಲ ಕಲಿತರು. ಅನಂತರ 1816ರಿಂದ 1818ರವರೆಗೆ ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿದ್ದರು. ಅಲ್ಲಿ ಪ್ರಾಚ್ಯ ಭಾಷೆಗಳಲ್ಲಿ ಅರಬ್ಬಿ ಅವರ ಮುಖ್ಯ ಅಭ್ಯಾಸವಾಗಿತ್ತು. ಟಿಬೆಟನ್ ಭಾಷೆ ಆಗ ಯೂರೋಪಿನ ವಿಶ್ವವಿದ್ಯಾನಿಲಯಗಳ ಪಾಠಕ್ರಮದಲ್ಲಿ ಇರಲಿಲ್ಲ. 1762ರಲ್ಲಿ ರೋಮಿನಲ್ಲಿ ಪ್ರಕಟವಾದ ಜಾರ್ಜಿ ಎಂಬವರ ಲ್ಯಾಟಿನ್ ಗ್ರಂಥವೇ ಆಸಕ್ತರಿಗಿದ್ದ ಪ್ರಮುಖ ಆಧಾರ. ಅದು ಗೊಂದಲಗಳಿಂದ ತುಂಬಿತ್ತು.

ಚೋಮ ಅವರಿಗಾದರೂ ಟಿಬೆಟ್ ಬೇಕಾಗಿರಲಿಲ್ಲ. ಹಂಗೇರಿಯನ್ನರ ಮೂಲಪುರುಷರು ಮಧ್ಯ ಏಷ್ಯಾದಲ್ಲಿ ಎಲ್ಲಿಯೋ ಇದ್ದಾರೆ, ಅವರ ಭಾಷೆಯನ್ನು ಕಂಡುಹಿಡಿದರೆ ತಮ್ಮ ಜನರ ಚರಿತ್ರೆ ತಿಳಿಯುತ್ತದೆ ಎಂಬ ನಂಬಿಕೆಯಿಂದ ಅವರು 1819ರ ನವೆಂಬರ್‌ನಲ್ಲಿ ಊರು ಬಿಟ್ಟರು. ಅಲೆಪ್ಪೊ, ಬಾಗ್ದಾದ್, ತೆಹ್ರಾನ್, ಬುಖಾರಾ, ಕಾಬೂಲ್, ಲಾಹೋರ್‌ಗಳನ್ನು ದಾಟಿ 1822ರ ಜೂನ್‌ನಲ್ಲಿ ಲಡಾಖಿನ ಲೇಹ್ ತಲುಪಿದರು. ಅಲ್ಲಿಂದ ಯಾರ್ಕಂದಿಗೆ ಹೋಗುವ ದಾರಿ ದುಬಾರಿಯೂ ಅಪಾಯಕರವೂ ಆಗಿತ್ತು. ಹಿಂದಿರುಗುವಾಗ ದ್ರಾಸ್ ಬಳಿ ವಿಲಿಯಂ ಮೂರ್‌ಕ್ರಾಫ್ಟ್ ಅವರ ಭೇಟಿಯಾಯಿತು. ಮೂರ್‌ಕ್ರಾಫ್ಟ್ ಈಸ್ಟ್ ಇಂಡಿಯಾ ಕಂಪನಿಯ ಕುದುರೆ ಸಾಕಣೆಯ ಅಧಿಕಾರಿ. ಆದರೆ ಅವರ ಕಣ್ಣು ಮಧ್ಯ ಏಷ್ಯಾದ ವ್ಯಾಪಾರದ ಮೇಲೆ, ಅದಕ್ಕಿಂತ ಹೆಚ್ಚಾಗಿ ರಷ್ಯದ ಚಲನವಲನಗಳ ಮೇಲೆ ಇತ್ತು. ಜಾರ್ಜಿಯ ಗ್ರಂಥವನ್ನು ಚೋಮ ಅವರ ಕೈಗಿತ್ತವರು ಇವರೇ. ರಣಜಿತ್ ಸಿಂಗನಿಗೆ ರಷ್ಯದ ಮಂತ್ರಿ ಬರೆದಿದ್ದ ಪತ್ರವನ್ನು ಇವರಿಗಾಗಿ ಲ್ಯಾಟಿನ್ನಿಗೆ ಅನುವಾದಿಸಿಕೊಟ್ಟವರು ಚೋಮ. ಟಿಬೆಟನ್ ಅಧ್ಯಯನದ ಹುಟ್ಟಿನಲ್ಲಿಯೇ ವಸಾಹತು ಪ್ರಭುತ್ವದ ಹಿತಾಸಕ್ತಿ ಬೆರೆತಿತ್ತೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಅದರ ಜೊತೆಗೇ, ಆ ಹಿತಾಸಕ್ತಿಯಿಂದಲೇ ಚೋಮ ಅವರ ಕಲಿಕೆಯನ್ನು ಪೂರ್ತಿಯಾಗಿ ವಿವರಿಸಲಾಗದು ಎಂಬುದನ್ನೂ ಹೇಳಬೇಕಾಗುತ್ತದೆ.

1823ರ ಜೂನ್‌ನಿಂದ ಹದಿನಾರು ತಿಂಗಳ ಕಾಲ ಅವರು ಝಂಸ್ಕಾರದಲ್ಲಿದ್ದು ಜಂಗ್ಲಾದಲ್ಲಿ ಸಂಗ್ಯೆ ಫುನ್‌ತ್ಸೋಗ್ ಅವರ ಬಳಿ ಪಾಠ ಹೇಳಿಸಿಕೊಂಡರು. ಸುಮಾರು ಒಂಬತ್ತು ಅಡಿ ಉದ್ದಗಲದ ಒಂದು ಕೋಣೆ. ಅದರಲ್ಲಿ ಗುರು, ಶಿಷ್ಯ ಮತ್ತು ಒಬ್ಬ ಆಳು. ಚಳಿಗಾಲದ ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದಷ್ಟು ಹಿಮ. ಒಳಗೆ ಬೆಂಕಿಯಿಲ್ಲ, ಕತ್ತಲಾದ ಮೇಲೆ ದೀಪವಿಲ್ಲ, ಮಲಗಲು ಬರಿಯ ನೆಲ. ಕುರಿಚರ್ಮದ ನಿಲುವಂಗಿಯೊಳಗೆ ಕೈಗಳನ್ನು ಅಡಗಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಓದಬೇಕು. ಹಾಳೆ ತಿರುವಲು ಕೈ ಹೊರತೆಗೆಯುವುದೇ ಒಂದು ಸಾಹಸ. ಈ ವಿವರಗಳು ಅನಂತರದ ಬರಹಗಳಲ್ಲಿ ವಿದ್ವಾಂಸನ ತಪಸ್ಸಿನ ಚಿತ್ರವಾಗಿ ಮತ್ತೆ ಮತ್ತೆ ಬಂದಿವೆ. ಅದೇ ಚಳಿಯಲ್ಲಿ ಅದೇ ಕೋಣೆಯಲ್ಲಿ ಕುಳಿತು ಕಲಿಸುತ್ತಿದ್ದವರ ತಪಸ್ಸನ್ನು ಆ ಬರಹಗಳು ಅಷ್ಟಾಗಿ ಗಮನಿಸಿಲ್ಲ. ವೈದ್ಯ, ಜ್ಯೋತಿಷ, ವ್ಯಾಕರಣ, ಧರ್ಮಶಾಸ್ತ್ರಗಳ ಪರಿಭಾಷೆಯನ್ನು ವಿಷಯವಾರು ವಿಂಗಡಿಸಿ ತಿಳಿಸಿಕೊಡಬಲ್ಲ ಗುರು ದೊರೆಯದಿದ್ದರೆ ಚೋಮ ಅವರ ನಿಘಂಟು ಬರಿಯ ಪದಪಟ್ಟಿಯಾಗಿ ಉಳಿಯುತ್ತಿತ್ತು. ಅಂಥ ಪದಪಟ್ಟಿಯ ಮಾದರಿಯೂ ಇದೆ: ಕ್ರೈಸ್ತ ಪಾದ್ರಿಯೊಬ್ಬರ ಹಸ್ತಪ್ರತಿಯನ್ನು ಆಧರಿಸಿ 1826ರಲ್ಲಿ ಸೆರಾಂಪುರದಲ್ಲಿ ಒಂದು ಟಿಬೆಟನ್ ನಿಘಂಟು ಅಚ್ಚಾಗಿತ್ತು. ಕಾಲದಲ್ಲಿ ಅದು ಮೊದಲನೆಯದು, ನಿಜ. ಆದರೆ ಶಾಸ್ತ್ರೀಯ ಅಧ್ಯಯನಕ್ಕೆ ತಳಹದಿಯಾದದ್ದು ಅದಲ್ಲ.

1824ರ ನವೆಂಬರ್‌ನಲ್ಲಿ ಸಬಾತು ಎಂಬ ಬ್ರಿಟಿಷ್ ಠಾಣ್ಯಕ್ಕೆ ಬಂದಾಗ ಚೋಮ ಅವರನ್ನು ಗೂಢಚಾರನೆಂಬ ಸಂಶಯದ ಮೇಲೆ ಅಲ್ಲಿಯೇ ತಡೆಹಿಡಿಯಲಾಯಿತು. ತಾವು ಯಾರು, ಏಕೆ ಬಂದೆವು ಎಂಬುದನ್ನು ದೀರ್ಘ ಪತ್ರಗಳಲ್ಲಿ ವಿವರಿಸಿದ ಮೇಲೆ ಸರ್ಕಾರ ತಿಂಗಳಿಗೆ 50 ರೂಪಾಯಿ ವೇತನ ಮಂಜೂರು ಮಾಡಿತು. ಮರುವರ್ಷ ಝಂಸ್ಕಾರದ ಫುಕ್ತಲ್ ವಿಹಾರಕ್ಕೆ ಹೋದರೂ ಆ ಭೇಟಿ ನಿರೀಕ್ಷಿಸಿದಷ್ಟು ಫಲ ನೀಡಲಿಲ್ಲ. 1827ರಿಂದ 1830ರವರೆಗೆ ಕಿನ್ನೌರಿನ ಕಾನಂ ಗ್ರಾಮದಲ್ಲಿ ಗುರುಶಿಷ್ಯರು ಮತ್ತೆ ಜೊತೆಯಾಗಿ ಕುಳಿತರು. ಆಗ ತಮ್ಮ 50 ರೂಪಾಯಿಗಳಲ್ಲಿ 25ನ್ನು ಚೋಮ ಅವರು ಗುರುವಿಗೆ ಕೊಡುತ್ತಿದ್ದರು. ಏಷಿಯಾಟಿಕ್ ಸೊಸೈಟಿ ಬೇರೆಯಾಗಿ ಕೊಡಲು ಬಂದ ಹಣವನ್ನು ನಿರಾಕರಿಸಿದರು.

1831ರಲ್ಲಿ ಹಸ್ತಪ್ರತಿಗಳೊಂದಿಗೆ ಕಲ್ಕತ್ತೆಗೆ ಬಂದರು. ಮೂರು ವರ್ಷಗಳ ಅನಂತರ ನಿಘಂಟು ಹಾಗೂ ವ್ಯಾಕರಣ ತಲಾ 500 ಪ್ರತಿಗಳಂತೆ ಸರ್ಕಾರದ ವೆಚ್ಚದಲ್ಲಿ ಅಚ್ಚಾದವು. ಈ ವ್ಯಾಕರಣವನ್ನು ತೆರೆದ ಕನ್ನಡ ವಿದ್ಯಾರ್ಥಿಗೆ ಅಪರಿಚಿತ ಲೋಕವೊಂದು ಎದುರಾಗುವುದಿಲ್ಲ. ಬ್ರಾಹ್ಮಿಯಿಂದ ಹೊರಟ ಲಿಪಿ. ಕ, ಖ, ಗ, ಙ ಎಂಬ ವರ್ಣಕ್ರಮ. ನಾಮಪದದ ಹಿಂದೆ ಬರುವ ವಿಭಕ್ತಿ. ವಾಕ್ಯದ ಕೊನೆಯಲ್ಲಿ ನಿಲ್ಲುವ ಕ್ರಿಯಾಪದ. ಇವು ಬಾಂಧವ್ಯದ ಕುರುಹುಗಳಲ್ಲ. ಎರಡು ಭಾಷೆಗಳೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಆದರೂ ಕಲಿಯುವವನಿಗೆ ಈ ಹೋಲಿಕೆಗಳು ಸಣ್ಣ ಅನುಕೂಲವಲ್ಲ.

1836ರಲ್ಲಿ ಚೋಮ ಅವರ ಇನ್ನೊಂದು ಮುಖ್ಯ ಕಾರ್ಯ ಪ್ರಕಟವಾಯಿತು. ಬುದ್ಧವಚನವೆಂದು ಮಾನ್ಯವಾದ ಗ್ರಂಥಗಳ ಅನುವಾದವಾದ ಕಂಗ್ಯುರ್ 100 ಸಂಪುಟಗಳಲ್ಲಿಯೂ, ಶಾಸ್ತ್ರ ಹಾಗೂ ವ್ಯಾಖ್ಯಾನಗಳ ಸಂಗ್ರಹವಾದ ತೆಂಗ್ಯುರ್ 225 ಸಂಪುಟಗಳಲ್ಲಿಯೂ ಇವೆ. ಇವುಗಳಲ್ಲಿ ಏನೇನು ಅಡಗಿದೆ ಎಂಬ ವಿಶ್ಲೇಷಣೆ ಅದು. ಭಾರತದಲ್ಲಿ ಕಳೆದುಹೋದ ಸಂಸ್ಕೃತ ಕೃತಿಗಳು ಹಿಮಾಲಯದಾಚೆ ಮತ್ತೊಂದು ಭಾಷೆಯಲ್ಲಿ ಜೀವಂತವಾಗಿವೆ ಎಂಬ ಸಂಗತಿ ಈ ವಿಶ್ಲೇಷಣೆಯಿಂದ ವಿದ್ವಲ್ಲೋಕಕ್ಕೆ ಸ್ಪಷ್ಟವಾಯಿತು. ಒಂಬತ್ತನೆಯ ಶತಮಾನದಲ್ಲಿ ಅನುವಾದಕರ ಪರಿಭಾಷೆಯನ್ನು ಸ್ಥಿರಗೊಳಿಸಲು ಸಿದ್ಧವಾದ ಮಹಾವ್ಯುತ್ಪತ್ತಿ ಎಂಬ ಸಂಸ್ಕೃತ–ಟಿಬೆಟನ್ ಕೋಶವನ್ನೂ ಅವರು ಇಂಗ್ಲಿಷಿಗೆ ತಂದಿದ್ದರು. ಅದರ ಮುದ್ರಣ ಆರಂಭವಾದದ್ದು ಮಾತ್ರ 1910ರಲ್ಲಿ.

ಕನ್ನಡದ ಅಭ್ಯಾಸಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಟಿಬೆಟಿನಲ್ಲಿ ಮಹಾವ್ಯುತ್ಪತ್ತಿ ಸಿದ್ಧವಾದ ಶತಮಾನದಲ್ಲಿಯೇ ಕನ್ನಡದಲ್ಲಿ ಕವಿರಾಜಮಾರ್ಗ ರಚನೆಯಾಯಿತು. ಕವಿರಾಜಮಾರ್ಗಕ್ಕೆ ಆಧಾರವಾದ ದಂಡಿಯ ಕಾವ್ಯಾದರ್ಶವನ್ನು ಹದಿಮೂರನೆಯ ಶತಮಾನದಲ್ಲಿ ಶೋಂಗ್ತೋನ್ ದೋರ್ಜೆ ಗ್ಯಾಲ್ತ್ಸೆನ್, ಭಾರತೀಯ ಪಂಡಿತ ಲಕ್ಷ್ಮೀಕರನೊಂದಿಗೆ ಟಿಬೆಟನ್ನಿಗೆ ಅನುವಾದಿಸಿದನು. ಆ ಅನುವಾದ ತೆಂಗ್ಯುರ್‌ನಲ್ಲಿ ಸೇರಿತು. ಅಲ್ಲಿನ ಕಾವ್ಯಶಿಕ್ಷಣಕ್ಕೆ ಅದೇ ಪಠ್ಯವಾಯಿತು. ಸಂಸ್ಕೃತ ಹಾಗೂ ಟಿಬೆಟನ್ ಪಾಠಗಳೆರಡನ್ನೂ ಒಟ್ಟಿಗೆ ಇರಿಸಿದ ಅನುಕೂಲಚಂದ್ರ ಬ್ಯಾನರ್ಜಿಯವರ ಆವೃತ್ತಿಯನ್ನು ಕಲ್ಕತ್ತ ವಿಶ್ವವಿದ್ಯಾನಿಲಯ 1939ರಲ್ಲಿ ಪ್ರಕಟಿಸಿದೆ. ದಂಡಿಯನ್ನು ಎರಡು ಭಾಷಾಸಮಾಜಗಳು ಹೇಗೆ ಬೇರೆ ಬೇರೆಯಾಗಿ ಒಗ್ಗಿಸಿಕೊಂಡವು ಎಂಬ ತೌಲನಿಕ ಅಧ್ಯಯನಕ್ಕೆ ಕನ್ನಡದಲ್ಲಿ ವಿಪುಲ ಅವಕಾಶವಿದೆ.

ಮೈಸೂರಿನಲ್ಲಿಯೇ ಈ ದಾರಿಯಲ್ಲಿ ನಡೆದವರೊಬ್ಬರಿದ್ದರು. ಎಚ್.ಆರ್. ರಂಗಸ್ವಾಮಿ ಅಯ್ಯಂಗಾರ್ ಅವರು ದಿಙ್ನಾಗನ ಪ್ರಮಾಣಸಮುಚ್ಚಯದ ಪ್ರತ್ಯಕ್ಷ ಪರಿಚ್ಛೇದವನ್ನು ಟಿಬೆಟನ್ ಅನುವಾದದ ನೆರವಿನಿಂದ ಸಂಸ್ಕೃತಕ್ಕೆ ಪುನಾರಚಿಸಿದರು; ಮೈಸೂರು ವಿಶ್ವವಿದ್ಯಾನಿಲಯ ಅದನ್ನು 1930ರಲ್ಲಿ ಪ್ರಕಟಿಸಿತು. ಭರ್ತೃಹರಿಯ ಶ್ಲೋಕಗಳು ದಿಙ್ನಾಗನ ಆ ಕೃತಿಯಲ್ಲಿ ಬಂದಿರುವುದನ್ನು 1951ರ ಲೇಖನದಲ್ಲಿ ಅವರು ತೋರಿಸಿದರು. ಚೀನೀ ಯಾತ್ರಿಕ ಇತ್ಸಿಂಗನ ಮಾತನ್ನು ನಂಬಿ ಭರ್ತೃಹರಿಯನ್ನು ಏಳನೆಯ ಶತಮಾನಕ್ಕೆ ಸೇರಿಸುತ್ತಿದ್ದ ವಾದ ಇದರಿಂದ ಬಿದ್ದುಹೋಯಿತು. ಸಂಸ್ಕೃತ ವೈಯಾಕರಣನೊಬ್ಬನ ಕಾಲನಿರ್ಣಯಕ್ಕೆ ಟಿಬೆಟನ್ ಭಾಷೆ ಸಾಕ್ಷಿಯಾದ ಈ ಪ್ರಸಂಗ ಚೋಮ ಅವರ ನಿಘಂಟಿನ ದೂರದ ಫಲವೇ ಸರಿ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಅಲ್ಲಿ ಸೆರಾ, ದ್ರೆಪುಂಗ್, ಗಾಂದೆನ್ ವಿಹಾರಗಳು ಮರುಸ್ಥಾಪನೆಗೊಂಡಿವೆ. ಚೋಮ ಹಿಮಾಲಯದಲ್ಲಿ ಹುಡುಕಿದಂಥ ಗುರುಗಳು ಇಂದು ಮೈಸೂರಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿದ್ದಾರೆ.

1837ರಿಂದ ಚೋಮ ಏಷಿಯಾಟಿಕ್ ಸೊಸೈಟಿಯ ಗ್ರಂಥಪಾಲರಾಗಿದ್ದರು. ಆದರೂ ಊರು ಬಿಡುವಾಗ ಇದ್ದ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಲಾಸಾದ ಗ್ರಂಥಭಂಡಾರಗಳಲ್ಲಿ ತಮ್ಮ ಪೂರ್ವಜರ ಸುಳಿವು ಸಿಗಬಹುದೆಂದು 1842ರ ಫೆಬ್ರವರಿಯಲ್ಲಿ, 58ರ ಹೊಸ್ತಿಲಿನಲ್ಲಿ, ಕಲ್ಕತ್ತೆಯಿಂದ ಹೊರಟರು. ತೆರಾಯಿಯ ಕಾಡಿನಲ್ಲಿ ಜ್ವರ ತಗುಲಿತು. ಮಾರ್ಚ್ ಕೊನೆಗೆ ದಾರ್ಜಿಲಿಂಗ್ ಮುಟ್ಟಿದವರು ಏಪ್ರಿಲ್ 11ರಂದು ಅಲ್ಲಿಯೇ ತೀರಿಕೊಂಡರು. ನಾಲ್ಕು ಪೆಟ್ಟಿಗೆ ಪುಸ್ತಕ ಮತ್ತು ಕಾಗದಗಳು, ಸದಾ ತೊಡುತ್ತಿದ್ದ ನೀಲಿ ಬಣ್ಣದ ಒಂದು ಜೊತೆ ಉಡುಪು, ಒಂದಿಷ್ಟು ಹೊದಿಕೆ, ಅಡುಗೆಯ ಒಂದು ಪಾತ್ರೆ: ಅವರ ಬಳಿ ಇದ್ದದ್ದು ಇಷ್ಟೆ. ಏಷಿಯಾಟಿಕ್ ಸೊಸೈಟಿ ಅಲ್ಲಿ ಸಮಾಧಿಸ್ತಂಭವನ್ನು ನಿಲ್ಲಿಸಿತು. ಅದೇ 1842ರಲ್ಲಿ ಪ್ಯಾರಿಸ್ಸಿನಲ್ಲಿ ಫೂಕೋ ಎಂಬ ವಿದ್ವಾಂಸರು ಟಿಬೆಟನ್ ಪಾಠವನ್ನು ಆರಂಭಿಸಿದರು. ಅವರು ಆ ಭಾಷೆಯನ್ನು ಕಲಿತದ್ದು ಜಂಗ್ಲಾದ ಕೋಣೆಯಿಂದ ಹೊರಟ ಆ ಎರಡು ಪುಸ್ತಕಗಳಿಂದ.