ರಜೆಯ ಹಾಯಿದೋಣಿ
ರಜೆಯ ವಿಹಾರವನ್ನು ಕಾಲಹರಣವೆಂದು ನಾವು ಬಗೆಯುವುದುಂಟು. 1870ರಲ್ಲಿ ಲಂಡನ್ನಿನಲ್ಲಿ ಜನಿಸಿದ ಅರ್ಸ್ಕಿನ್ ಚೈಲ್ಡರ್ಸ್ ಮಹಾಶಯರು ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯಲ್ಲಿ ಉದ್ಯೋಗಸ್ಥರಾಗಿದ್ದು, ರಜೆ ದೊರೆತೊಡನೆ ಮಿತ್ರರೊಂದಿಗೆ ಪುಟ್ಟ ಹಾಯಿದೋಣಿಯನ್ನೇರಿ ಸಮುದ್ರಸಂಚಾರಕ್ಕೆ ಹೊರಡುತ್ತಿದ್ದರು. 1903ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಕಾದಂಬರಿಯು ಈ ಅನುಭವದ ಫಲವೇ. 1910ರಲ್ಲಿ ಅವರು ಐರ್ಲೆಂಡಿನ ಸ್ವರಾಜ್ಯಕ್ಕಾಗಿ ದುಡಿಯಲೆಂದು ಉದ್ಯೋಗವನ್ನು ತ್ಯಜಿಸಿದರು. 1914ರ ಜುಲೈ 26ರಂದು ಪತ್ನೀಮಿತ್ರರೊಡಗೂಡಿ, ತಮ್ಮ ‘ಆಸ್‌ಗಾರ್ಡ್’ ದೋಣಿಯಲ್ಲಿ ಸುಮಾರು 900 ಬಂದೂಕಗಳನ್ನು ಹೌತ್ ಬಂದರಿಗೆ ತಂದು ಐರಿಷ್ ಸ್ವಯಂಸೇವಕರಿಗೆ ಒಪ್ಪಿಸಿದರು. ವಿಹಾರದ ವಿದ್ಯೆಯು ದೇಶಕಾರ್ಯಕ್ಕೊದಗಿತು. ಆದರೆ ಬ್ರಿಟಿಷರೊಡನಾದ ಒಪ್ಪಂದವನ್ನು ವಿರೋಧಿಸಿ, ಅಂತಃಕಲಹದಲ್ಲಿ ಸೆರೆಸಿಕ್ಕ ಅವರನ್ನು 1922ರ ನವೆಂಬರ್ 24ರಂದು ಐರಿಷರದೇ ಸರಕಾರವು ಗುಂಡಿಕ್ಕಿ ಕೊಲ್ಲಿಸಿತು. ಗುಂಡು ಹಾರಿಸಬೇಕಾಗಿದ್ದ ಸೈನಿಕರೆಲ್ಲರ ಕೈಕುಲುಕಿ ಅವರು ಪ್ರಾಣವನ್ನೊಪ್ಪಿಸಿದರು. ಅವರ ಪುತ್ರರೇ 1973ರಲ್ಲಿ ಆ ದೇಶದ ರಾಷ್ಟ್ರಾಧ್ಯಕ್ಷರಾದರು. ಪರರ ಆಳಿಕೆಯನ್ನು ಎದುರಿಸುವುದಕ್ಕಿಂತ ಸ್ವಜನರ ಭಿನ್ನಮತವನ್ನು ಸೈರಿಸುವುದೇ ಕಠಿಣವೆಂಬುದನ್ನು ನಾವು ಮರೆಯಲಾಗದು.